ಊಟದ ಬಗ್ಗೆ ಬರೆಯುವ ನಾವಿಬ್ಬರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಬರೆಯೋಕೆ ಶುರು ಮಾಡಿದ ಮೇಲೆ ಮದುವೆ ಮನೆಯಲ್ಲಿ, ಬಸ್ಸಲ್ಲಿ, ಫೋನಲ್ಲಿ, ಪತ್ರದಲ್ಲಿ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತಿವೆ. ಎಲ್ಲವನ್ನೂ ಒಂದು ಕಡೆ ಸೇರಿಸಿದ್ದೇವೆ. ಕೇಳಿದವರ ಮಾತನ್ನು ಹಾಗೇ ಉಳಿಸಿದ್ದೇವೆ. ಮೊದಲು ಪರಿಚಯ, ಆಮೇಲೆ ರುಚಿಯ ಜಗಳ, ಕೊನೆಗೆ ಸ್ವಲ್ಪ ತಲೆ ಕೆರೆದುಕೊಳ್ಳುವಂಥವು.

## ಪರಿಚಯದ ಪ್ರಶ್ನೆಗಳು

ನೀವಿಬ್ಬರು ಯಾರು? ಡಿಗ್ರಿ ಮುಗಿಸಿ ಇದನ್ಯಾಕೆ ಹಿಡ್ಕೊಂಡ್ರಿ?

ನಾನು ಧಾರವಾಡದವಳು, ಓದಿದ್ದು ಬಿ.ಕಾಂ. ಅವಳು ಕುಂದಾಪುರದ ಕಡೆಯವಳು, ಬಿ.ಎಸ್ಸಿ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದಾಗ ಒಂದೇ ಪಿ.ಜಿ.ಯಲ್ಲಿ ಒಂದೇ ರೂಮು ಸಿಕ್ಕಿತು. ಹಗಲು ಇಬ್ಬರಿಗೂ ಆಫೀಸು ಇದೆ. ಹಾಗಾಗಿ "ಓದಿದ್ದೆಲ್ಲ ಹಾಳಾಯ್ತು" ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ.

ಶುರುವಾಗಿದ್ದು ಪಿ.ಜಿ. ಸಾಂಬಾರಿನಿಂದ. ಅವಳು "ಇದಕ್ಕೆ ಕಾಯಿ ಹಾಕೇ ಇಲ್ಲ" ಅನ್ನುತ್ತಿದ್ದಳು. ನಾನು "ಇದರಾಗ ಖಾರ ಎಲ್ಲೈತಿ" ಅನ್ನುತ್ತಿದ್ದೆ. ಪಾತ್ರೆ ಒಂದೇ, ದೂರು ಎರಡು. ಮೂರನೇ ರೂಮಿನ ತುಮಕೂರಿನ ಹುಡುಗಿ ಮಾತ್ರ ಅದನ್ನೇ ಎರಡನೇ ಸಲ ಹಾಕಿಸಿಕೊಂಡು ಆರಾಮಾಗಿ ತಿನ್ನುತ್ತಿದ್ದಳು. ಸಾಂಬಾರು ಕೆಟ್ಟದಾಗಿತ್ತಾ, ಅಥವಾ ನಮ್ಮ ನಾಲಿಗೆಗಳು ಬೇರೆ ಬೇರೆ ಮನೆಯಲ್ಲಿ ಬೆಳೆದಿದ್ದವಾ? ನಾವು ಬರೆಯೋದೆಲ್ಲ ಹೆಚ್ಚುಕಡಿಮೆ ಈ ಒಂದು ಪ್ರಶ್ನೆಯ ಸುತ್ತಲೇ.

ನಿಮ್ಮ ಹೆಸರು, ಮುಖ ಎಲ್ಲೂ ಕಾಣ್ತಿಲ್ವಲ್ಲ, ಯಾಕೆ?

ಗುರುತು ಹಿಡಿದರೆ ಸಪ್ಲೈಯರ್ ಅಣ್ಣ ದೋಸೆಗೆ ಬೆಣ್ಣೆ ಜಾಸ್ತಿ ಹಾಕುತ್ತಾರೆ. ತಿನ್ನೋಕೆ ಖುಷಿ, ಬರೆಯೋಕೆ ಕಷ್ಟ. ಪಕ್ಕದ ಟೇಬಲ್ಲಿನವರಿಗೆ ಬಂದಿದ್ದೇ ನಮಗೂ ಬರಬೇಕು.

ವೆಜ್ಜಾ, ನಾನ್‌ವೆಜ್ಜಾ?

ನಾನು ಸಸ್ಯಾಹಾರದ ಮನೆಯಲ್ಲಿ ಬೆಳೆದವಳು. ಈಗ ಮೊಟ್ಟೆ ತಿನ್ನುತ್ತೇನೆ, ಮೀನು ಮಾಂಸ ಇನ್ನೂ ಇಲ್ಲ. ಅವಳಿಗೆ ವಾರದಲ್ಲಿ ಮೀನು ಕಾಣದಿದ್ದರೆ ಊರಿನ ನೆನಪು ಜೋರಾಗುತ್ತದೆ. ಹಾಗಾಗಿ ಮೀನು, ಕೋಳಿ, ಮಿಲಿಟರಿ ಹೋಟೆಲ್ ಬಗ್ಗೆ ಬರೆಯುವವಳು ಅವಳೇ. ನಾನು ತಿನ್ನದ್ದರ ರುಚಿ ಬಗ್ಗೆ ನಾನು ಒಂದು ಸಾಲನ್ನೂ ಬರೆಯುವುದಿಲ್ಲ.

ನಿಮ್ಮ ಫೇವರಿಟ್ ಊಟ ಯಾವುದು? ಸುತ್ತಿ ಬಳಸಿ ಬೇಡ, ಒಂದೇ ಹೇಳಿ

ನನ್ನದು: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಮೇಲೆ ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ. ಅವಳದು: ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನು, ಮಾವಿನಮಿಡಿ ಉಪ್ಪಿನಕಾಯಿ. ಎರಡರಲ್ಲೂ ಹೋಟೆಲಿನದ್ದು ಒಂದೂ ಇಲ್ಲ ಅನ್ನೋದು ಬರೆದ ಮೇಲೆ ಕಣ್ಣಿಗೆ ಬಿತ್ತು.

ಇಷ್ಟ ಆಗದೇ ಇರೋದು ಏನೂ ಇಲ್ವಾ?

ಇದೆ. ನನಗೆ ಹಾಗಲಕಾಯಿ ಆಗುವುದಿಲ್ಲ. ಅವಳಿಗೆ ಗುರೆಳ್ಳು ಚಟ್ನಿ ಕಂಡರೆ ಮುಖ ಸಿಂಡರಿಸುತ್ತದೆ. ಇಬ್ಬರಿಗೂ ಚೀಸ್ ತುಂಬಿದ ದೋಸೆ ಬೇಡ. ಇದನ್ನೆಲ್ಲ ಮೊದಲೇ ಹೇಳಿಬಿಟ್ಟರೆ ಮುಂದೆ ನಾವು ಯಾವುದನ್ನಾದರೂ ಬೈದಾಗ ಎಷ್ಟು ನಂಬಬೇಕು ಅಂತ ನೀವೇ ತೂಗಿ ನೋಡಬಹುದು.

ಬೆಂಗಳೂರಿಗೆ ಬಂದ ಮೇಲೆ ಕಲಿತ ರುಚಿ ಯಾವುದು?

ಮುದ್ದೆ ಬಸ್ಸಾರು. ಇಬ್ಬರೂ ರಾಗಿ ಮುದ್ದೆ ತಿಂದು ಬೆಳೆದವರಲ್ಲ. ಮೊದಲು ಅಗಿಯೋಕೆ ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡೆವು. ಮಂಡ್ಯದ ಸಹೋದ್ಯೋಗಿಯೊಬ್ಬರು "ಅಗೀಬೇಡ್ರವ್ವ, ಸಾರಲ್ಲಿ ಅದ್ದಿ ನುಂಗಿ" ಅಂದರು. ಅಲ್ಲಿಂದ ದಾರಿ ಸಲೀಸಾಯಿತು. ಬಸ್ಸಾರಿನಲ್ಲಿ ನಮಗೆ ಹಿಡಿಸಿದ್ದು ಅದರ ಲೆಕ್ಕಾಚಾರ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟು ಸಾರಾಗುತ್ತದೆ, ಉಳಿದಿದ್ದು ಪಲ್ಯ. ಒಂದೇ ಒಲೆಯಲ್ಲಿ ಎರಡು ಅಡುಗೆ, ಚೆಲ್ಲುವುದು ಏನೂ ಇಲ್ಲ.

ಡಿಸೆಂಬರ್, ಜನವರಿ ಬಂದರೆ ಸೊಗಡಿನ ಅವರೆಕಾಯಿ. ಬಸವನಗುಡಿ, ವಿ.ವಿ. ಪುರದ ಕಡೆ ಹೋದರೆ ಅದರ ವಾಸನೆಯೇ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ. ಹಿತಕಿದ ಬೇಳೆ ಸಾರನ್ನು ನಾವು ಈ ಊರಿಗೆ ಬಂದ ಮೇಲೆಯೇ ಕಂಡಿದ್ದು. ಕಾಳು ನೆನೆಸಿ, ಒಂದೊಂದನ್ನೇ ಹಿಸುಕಿ ಸಿಪ್ಪೆ ತೆಗೆಯುವ ಕೆಲಸ ಇದೆಯಲ್ಲ, ಮನೆಮಂದಿಯೆಲ್ಲ ಕೂತರೇ ಆಗುವಂಥದ್ದು.

## ರುಚಿಯ ಜಗಳಗಳು

ಬೆಂಗಳೂರಲ್ಲಿ ಬೆಸ್ಟ್ ದೋಸೆ ಎಲ್ಲಿ ಸಿಗುತ್ತೆ?

ಯಾವ ದೋಸೆ ಅಂತ ಮೊದಲು ಹೇಳಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ. ಅಲ್ಲಿನದು ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಸ್ವಲ್ಪ ದಪ್ಪ. ಶುಕ್ರವಾರ ರಜೆ, ಗೊತ್ತಿಲ್ಲದೆ ಹೋಗಿ ಬಾಗಿಲು ನೋಡಿ ಬರಬೇಡಿ. ಮಲ್ಲೇಶ್ವರದ ಸಿ.ಟಿ.ಆರ್.ನಲ್ಲಿ ಬೆಣ್ಣೆ ಮಸಾಲೆ. ಲಾಲ್‌ಬಾಗ್ ಹತ್ತಿರದ ಎಂ.ಟಿ.ಆರ್.ನಲ್ಲಿ ಪುಟ್ಟ ಬಟ್ಟಲಿನಲ್ಲಿ ತುಪ್ಪ ಬೇರೆ ಕೊಡುತ್ತಾರೆ. ಮೂರೂ ಮಸಾಲೆ ದೋಸೆಗಳೇ, ಆದರೆ ಒಂದರ ಅಳತೆಗೋಲು ಇನ್ನೊಂದಕ್ಕೆ ನಡೆಯುವುದಿಲ್ಲ.

ದಾವಣಗೆರೆ ಬೆಣ್ಣೆ ದೋಸೆಯ ದಾರಿಯೇ ಬೇರೆ. ಅದರ ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರೆ. ಅದಕ್ಕೇ ಮೇಲೆ ಗರಿ, ಒಳಗೆ ಹಗುರ. ಜೊತೆಗೆ ಬೆಳ್ಳಗಿನ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಸಾಂಬಾರು ಕೇಳಿದರೆ ದಾವಣಗೆರೆಯವರು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ.

ಉತ್ತರ ಬೇಕೇ ಬೇಕು ಅಂದರೆ, ನನ್ನ ಓಟು ವಿದ್ಯಾರ್ಥಿ ಭವನಕ್ಕೆ. ಅವಳದು ಯಾವ ಹೋಟೆಲಿಗೂ ಇಲ್ಲ, ಅವಳಮ್ಮ ಹೊಯ್ಯುವ ಉದ್ದಿನ ದೋಸೆಗೆ.

ಸಾಂಬಾರಿಗೆ ಬೆಲ್ಲ ಹಾಕ್ತಾರಲ್ಲ, ಅದು ಸರೀನಾ?

ಉಡುಪಿ ಶೈಲಿಯಲ್ಲಿ ಹುಳಿ ಇದ್ದ ಕಡೆ ಬೆಲ್ಲವೂ ಇರುತ್ತದೆ. ಹುಳಿಯ ಚುರುಕನ್ನು ತಗ್ಗಿಸೋಕೆ ಅದು ಬೇಕು. ಇಪ್ಪತ್ತನೇ ಶತಮಾನದಲ್ಲಿ ಉಡುಪಿ ಕಡೆಯವರು ಊರೂರಿಗೆ ಹೋಗಿ ಹೋಟೆಲ್ ಇಟ್ಟರು. ಹಾಗಾಗಿ ಬೇರೆ ಊರಿನವರೆಲ್ಲ ಹೋಟೆಲಿನ ಸಾಂಬಾರು ಅಂದರೆ ಹೀಗೇ ಅಂದುಕೊಂಡರು. ಸಿಹಿಯೇ ಮುಂದೆ ಬಂದು ನಿಂತರೆ ಅದು ಅಡುಗೆಯವರ ಕೈ ತಪ್ಪು. ಬೆಲ್ಲದ ತಪ್ಪಲ್ಲ.

ಉತ್ತರ ಕರ್ನಾಟಕದ ಊಟ ಅಂದ್ರೆ ಬರೀ ಖಾರ ಅಲ್ವಾ?

ಬಣ್ಣ ನೋಡಿ ಹೆದರುವವರ ಪ್ರಶ್ನೆ ಇದು. ಬ್ಯಾಡಗಿ ಮೆಣಸಿನಕಾಯಿ ಹೆಸರು ಮಾಡಿದ್ದು ಗಾಢ ಕೆಂಪಿಗೆ. ಖಾರ ಅದರಲ್ಲಿ ಕಡಿಮೆಯೇ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ನಮ್ಮಲ್ಲಿ ನಿಜವಾಗಿ ಸುಡುವುದು ಹಸಿಮೆಣಸಿನಕಾಯಿ ಕುಟ್ಟಿ ಮಾಡುವ ಖಾರ. ಅದನ್ನು ತಟ್ಟೆಯ ಮೂಲೆಗೆ ಹಾಕುತ್ತಾರೆ, ಬೇಕಾದವರು ಬೇಕಾದಷ್ಟು ಮುಟ್ಟುತ್ತಾರೆ.

ಇನ್ನು ರೊಟ್ಟಿ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ನಾದಬೇಕು, ಲಟ್ಟಿಸೋ ಬದಲು ಕೈಯಿಂದ ಬಡಿಯಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಬೆಂಗಳೂರಿನಲ್ಲಿ ಖಾನಾವಳಿಗೆ ಹೋದಾಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಕೂತುಕೊಳ್ಳಿ. ಕಡಕ್ ರೊಟ್ಟಿಯಾದರೆ ಆ ಚಿಂತೆ ಇಲ್ಲ. ಒಣಗಿಸಿದ್ದು, ವಾರಗಟ್ಟಲೆ ಕೆಡುವುದಿಲ್ಲ. ಹಾಸ್ಟೆಲ್ಲಿಗೆ ಹೋಗುವ ಪ್ರತಿ ಮಗುವಿನ ಟ್ರಂಕಿನಲ್ಲೂ ಇರುತ್ತದೆ.

ಕರಾವಳಿ ಅಂದ್ರೆ ಮೀನು ಬಿಟ್ಟು ಬೇರೆ ಏನಿದೆ?

(ಇದಕ್ಕೆ ಅವಳ ಉತ್ತರ.) ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಅಬ್ಬರದಲ್ಲಿರುತ್ತದೆ. ಆ ಎರಡು ತಿಂಗಳು ನಾವು ಉಪವಾಸ ಇರುತ್ತೇವಾ? ಕೆಸುವಿನ ಎಲೆಯ ಪತ್ರೊಡೆ, ಎಳೆ ಬಿದಿರಿನ ಕಳಲೆ, ಉಪ್ಪುನೀರಿನಲ್ಲಿಟ್ಟ ಹಲಸಿನ ತೊಳೆ, ಹಲಸಿನ ಬೀಜದ ಪಲ್ಯ, ಬೇಸಿಗೆಯಲ್ಲೇ ಒಣಗಿಸಿಟ್ಟ ಮೀನು. ಕಳಲೆಯನ್ನು ಹೆಚ್ಚಿ ನೀರಲ್ಲಿ ನೆನೆಸಿ, ನೀರು ಬದಲಾಯಿಸುತ್ತಾ ಇರಬೇಕು. ಹಸಿಯಾಗಿ ತಿಂದರೆ ವಿಷ.

ಉಡುಪಿ ಹತ್ತಿರದ ಮಟ್ಟು ಊರಿನ ಗುಳ್ಳ ಇದೆ. ದುಂಡಗಿನ ಹಸಿರು ಬದನೆ. ಮಾಧ್ವ ಯತಿ ವಾದಿರಾಜರು ಬೀಜ ಕೊಟ್ಟರು ಅನ್ನುವ ನಂಬಿಕೆ ಅಲ್ಲಿಯದು. ಅದಕ್ಕೂ ಜಿಐ ಇದೆ. ನನ್ನ ರೂಮ್‌ಮೇಟು ಎಣ್ಣೆಗಾಯಿಗೆ ಅದು ಬೇಡ ಅನ್ನುತ್ತಾಳೆ, ನಾನು ಹುಳಿಗೆ ಬೇರೆ ಬದನೆ ಬೇಡ ಅನ್ನುತ್ತೇನೆ. ಈ ಜಗಳ ಮುಗಿದಿಲ್ಲ.

## ಬರೆಯಬೇಕು ಅನ್ನುವವರ ಪ್ರಶ್ನೆಗಳು

ನಾನೂ ಈಗಷ್ಟೇ ಡಿಗ್ರಿ ಮುಗಿಸಿದೀನಿ. ಮೊದಲನೇ ಬರಹದಲ್ಲಿ ಏನ್ ಬರೀಲಿ?

"ನಾನೊಬ್ಬ ಫುಡೀ, ತಿನ್ನೋದಂದ್ರೆ ಪ್ರಾಣ" ಅಂತ ಮಾತ್ರ ಬೇಡ. ತಿನ್ನೋದು ಯಾರಿಗೆ ಇಷ್ಟ ಇಲ್ಲ ಹೇಳಿ? ಓದುವವರಿಗೆ ಬೇಕಾಗಿರೋದು ನಿಮ್ಮ ನಾಲಿಗೆ ಎಲ್ಲಿಂದ ಬಂದಿದ್ದು ಅನ್ನೋದು.

ಮನೆಯಲ್ಲಿ ದಿನಾ ಅನ್ನವಾ, ಮುದ್ದೆಯಾ, ರೊಟ್ಟಿಯಾ? ಒಗ್ಗರಣೆಗೆ ಶೇಂಗಾ ಎಣ್ಣೆಯಾ, ತೆಂಗಿನೆಣ್ಣೆಯಾ? ಹುಳಿ ಎಲ್ಲಿಂದ ಬರುತ್ತಿತ್ತು? ಹುಣಸೆ, ಮಾವು, ಮೊಸರು, ಕರಾವಳಿಯಾದರೆ ಪುನರ್ಪುಳಿ, ಕೊಡಗಾದರೆ ಕಾಚಂಪುಳಿ. ಬಡಿಸುತ್ತಿದ್ದವರು ಯಾರು, ಕೊನೆಗೆ ಉಣ್ಣುತ್ತಿದ್ದವರು ಯಾರು? ಹೊರಗೆ ತಿನ್ನೋದು ಹಬ್ಬವಾಗಿತ್ತಾ, ರೂಢಿಯಾಗಿತ್ತಾ? ಕಾಲೇಜಿನಲ್ಲಿ ಹಸಿವಾದಾಗ ಯಾವ ಅಂಗಡಿಗೆ ಓಡುತ್ತಿದ್ದಿರಿ, ಅಲ್ಲಿ ಸಾಲ ಬರೆಸುತ್ತಿದ್ದಿರಾ?

ಇಷ್ಟು ಬರೆದರೆ ಪರಿಚಯ ಆಯಿತು. ತೆಂಗಿನೆಣ್ಣೆ ಮನೆಯವರು ಒಂದು ಪಲ್ಯ "ಕಮಟು" ಅಂದರೆ ಅದಕ್ಕೊಂದು ತೂಕ, ಶೇಂಗಾ ಎಣ್ಣೆ ಮನೆಯವರು ಅಂದರೆ ಬೇರೆ ತೂಕ. ಇದನ್ನು ಮುಚ್ಚಿಟ್ಟು, ಎಲ್ಲ ರುಚಿಗೂ ನ್ಯಾಯಾಧೀಶರ ಹಾಗೆ ಕೂತು ಅಂಕ ಕೊಡುವ ಬರಹ ನಮಗೆ ಹಿಡಿಸುವುದಿಲ್ಲ. ಹತ್ತಕ್ಕೆ ಎಂಟೂವರೆ ಅಂತೆ! ಆ ಅರ್ಧ ಎಲ್ಲಿ ಹೋಯಿತು?

"ಸೂಪರ್", "ಬಾಯಲ್ಲಿ ನೀರು" ಬಿಟ್ರೆ ಬೇರೆ ಏನೂ ಹೊಳೆಯೋದೇ ಇಲ್ಲ. ಏನ್ ಮಾಡೋದು?

ಹೊಗಳೋದು ಬಿಟ್ಟು, ಆಗಿದ್ದನ್ನು ಹೇಳಿ. ಮದ್ದೂರು ವಡೆ ಮುರಿದರೆ ಅಂಚು ಟಪ್ ಅನ್ನುತ್ತದಾ, ನಡುವೆ ಸ್ವಲ್ಪ ಬಗ್ಗುತ್ತದಾ? ಈರುಳ್ಳಿ ಕೆಂಪಾಗಿದೆಯಾ, ಕಪ್ಪಾಗಿದೆಯಾ? ಬೆಂಗಳೂರು, ಮೈಸೂರಿನ ನಡುವೆ ರೈಲಿನಲ್ಲಿ ಕೊಂಡಿದ್ದು ಬಿಸಿಯಿತ್ತಾ? ಎಣ್ಣೆ ಕೈಗೆ ಅಂಟಿತಾ, ಪೇಪರಿಗೆ ಅಂಟಿತಾ? ಕಾರಣ ಗೊತ್ತಿದ್ದರೆ ಅದನ್ನೂ ಸೇರಿಸಿ. ರವೆ, ಮೈದಾ, ಅಕ್ಕಿಹಿಟ್ಟು ಮೂರೂ ಬೀಳುವುದರಿಂದಲೇ ಆ ವಡೆಗೆ ಆ ಮುರಿತ.

ಕೆಟ್ಟಿದ್ದನ್ನು ಹೇಳುವಾಗಲೂ ಹೀಗೇ. "ಚೆನ್ನಾಗಿಲ್ಲ" ಅನ್ನೋದಕ್ಕಿಂತ "ಬೇಳೆ ಬೆಂದಿರಲಿಲ್ಲ, ಸಾರಿನ ಪುಡಿಯ ಹಸಿ ವಾಸನೆ ಹೋಗಿರಲಿಲ್ಲ" ಅಂದರೆ ಓದುವವರಿಗೂ ಅರ್ಥವಾಗುತ್ತದೆ, ಅಡುಗೆಯವರಿಗೂ ಉಪಯೋಗಕ್ಕೆ ಬರುತ್ತದೆ.

ಕೈಯಲ್ಲಿ ದುಡ್ಡಿಲ್ಲ. ದೊಡ್ಡ ಹೋಟೆಲಿಗೆ ಹೋಗದೇ ಬರೆಯೋಕಾಗುತ್ತಾ?

ನಮ್ಮ ಬರಹದಲ್ಲಿ ಜಾಸ್ತಿ ಇರೋದು ದರ್ಶಿನಿಗಳೇ. ನಿಂತುಕೊಂಡು ತಿನ್ನುವ ಈ ಹೋಟೆಲುಗಳು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹಬ್ಬಿದವು. ಟೇಬಲ್ಲು, ಕುರ್ಚಿ, ಸಪ್ಲೈಯರ್ ಖರ್ಚು ಉಳಿಯಿತು, ತಿಂಡಿ ಅಗ್ಗವಾಯಿತು. 2017ರಲ್ಲಿ ಇಂದಿರಾ ಕ್ಯಾಂಟೀನ್ ಬಂದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು. ಅಲ್ಲಿನ ಸಾಲಿನಲ್ಲಿ ನಿಂತವರ ಮಾತು ಕೇಳಿಸಿಕೊಂಡು ಬರೆದಿದ್ದಕ್ಕೆ ನಮಗೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿಲ್ಲ. ಅದೂ ಇಲ್ಲದಿದ್ದರೆ ಮನೆಯ ಉಪ್ಪಿನಕಾಯಿ ಭರಣಿ ಇದೆ.

ಇಂಗ್ಲಿಷಲ್ಲಿ ಬರೆದ್ರೆ ಜಾಸ್ತಿ ಜನ ಓದ್ತಾರಲ್ವಾ? ಕನ್ನಡದಲ್ಲಿ ಇದೆಲ್ಲ ಹೊಸದಲ್ವಾ?

ಜಾಸ್ತಿ ಓದಬಹುದು. ಆದರೆ ನಮ್ಮವ್ವ ಓದುವುದಿಲ್ಲ, ಆಮೇಲೆ ತಪ್ಪು ತಿದ್ದುವವರು ಯಾರು?

ಹೊಸದಂತೂ ಅಲ್ಲವೇ ಅಲ್ಲ. 10ನೇ ಶತಮಾನದ ವಡ್ಡಾರಾಧನೆಯಲ್ಲೇ ಇಡ್ಡಲಿಗೆಯ, ಅಂದರೆ ಇಡ್ಲಿಯ ಹೆಸರಿದೆ. 11ನೇ ಶತಮಾನದಲ್ಲಿ ಎರಡನೇ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಅಡುಗೆಗೇ ಜಾಗ ಇದೆ. ಅದರಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಇಂಗು ಜೀರಿಗೆ ಹಾಕಿ ಇಡ್ಲಿ ಮಾಡುವ ಬಗೆ ಬರುತ್ತದೆ. ಅಕ್ಕಿಯ ಸುದ್ದಿಯೇ ಇಲ್ಲ. 16ನೇ ಶತಮಾನದ ಶುರುವಿನಲ್ಲಿ ಮೂರನೇ ಮಂಗರಸ ಸೂಪಶಾಸ್ತ್ರ ಅಂತ ಇಡೀ ಒಂದು ಪಾಕಗ್ರಂಥವನ್ನೇ ಪದ್ಯದಲ್ಲಿ ಬರೆದ. ನಾವು ಗದ್ಯದಲ್ಲಿ ಬರೆಯೋಕೇ ತಿಣುಕಾಡುತ್ತೇವೆ.

## ಸ್ವಲ್ಪ ಗಡಸು ಪ್ರಶ್ನೆಗಳು

ಹೋಟೆಲಿನವರು ಫ್ರೀ ಊಟ ಕೊಟ್ರೆ ತಗೋತೀರಾ?

ಇಲ್ಲ. ಬಿಲ್ಲು ನಾವೇ ಕೊಡುತ್ತೇವೆ. ತೆಗೆದುಕೊಳ್ಳಲೇಬೇಕು ಅನ್ನುವವರು ಕಾನೂನು ತಿಳಿದುಕೊಂಡು ತೆಗೆದುಕೊಳ್ಳಿ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದಕ್ಕೇ ಮಾರ್ಗಸೂಚಿ ತಂದಿದೆ. ದುಡ್ಡು ಮಾತ್ರ ಅಲ್ಲ, ಪುಕ್ಕಟೆ ವಸ್ತು, ಪ್ರವಾಸ, ಹೋಟೆಲ್ ವಾಸ, ರಿಯಾಯಿತಿ ಪಡೆದು ಹೊಗಳಿದರೂ ಅದನ್ನು ಓದುಗರಿಗೆ ಎದ್ದು ಕಾಣುವಂತೆ ಹೇಳಬೇಕು. ದಾರಿ ತಪ್ಪಿಸುವ ಜಾಹೀರಾತಾದರೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ಕನ್ನಡದಲ್ಲಿ ಪುಟಗಟ್ಟಲೆ ಹೊಗಳಿ, ಕೊನೆಗೆ ಇಂಗ್ಲಿಷಿನ ಒಂದು ಸಣ್ಣಕ್ಷರದ ಪದದಲ್ಲಿ ಕೈತೊಳೆದುಕೊಳ್ಳುವವರನ್ನು ನೋಡಿದ್ದೇವೆ. ಅದು ಹೇಳಿದ ಹಾಗಲ್ಲ. "ಈ ಊಟಕ್ಕೆ ನಾವು ದುಡ್ಡು ಕೊಟ್ಟಿಲ್ಲ" ಅಂತ ಮೊದಲ ಸಾಲಿನಲ್ಲೇ ಬರೆದರೆ ಮುಗಿಯಿತಲ್ಲ.

ಚೆನ್ನಾಗಿಲ್ಲ ಅಂತ ಬರೆದ್ರೆ ಪಾಪ, ಅವರ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ?

ಈ ಪ್ರಶ್ನೆಗೆ ನಾವಿಬ್ಬರೂ ಒಂದೇ ಉತ್ತರಕ್ಕೆ ಬಂದಿಲ್ಲ. ತಳ್ಳುಗಾಡಿ, ಮನೆಯಲ್ಲೇ ಮಾಡಿ ಮಾರುವವರು, ಹೊಸದಾಗಿ ಬಾಗಿಲು ತೆರೆದ ಸಣ್ಣ ಮೆಸ್ಸು ಚೆನ್ನಾಗಿಲ್ಲದಿದ್ದರೆ ನಾನು ಸುಮ್ನೆ ಬರೆಯದೇ ಬಿಡುತ್ತೇನೆ. ಅವಳು ಹಾಗಲ್ಲ. ಹತ್ತಿರ ಹೋಗಿ "ಅಕ್ಕ, ಇವತ್ತು ಉಪ್ಪು ಮುಂದಾಯ್ತು" ಅಂತ ಅಲ್ಲೇ ಹೇಳುತ್ತಾಳೆ. ಹೆಚ್ಚಿನವರು ಬೇಜಾರು ಮಾಡಿಕೊಳ್ಳುವುದಿಲ್ಲ, ಕೆಲವರು ಮಾಡಿಕೊಳ್ಳುತ್ತಾರೆ. ದೊಡ್ಡ ಹೆಸರು, ದೊಡ್ಡ ಬಿಲ್ಲು ಇರುವ ಕಡೆ ಇಬ್ಬರೂ ಬಿಡುವುದಿಲ್ಲ. ಆದರೆ ಒಂದು ದಿನ ತಿಂದು ತೀರ್ಪು ಕೊಡುವುದಿಲ್ಲ, ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಹೋಗುತ್ತೇವೆ.

ಒಂದೊಂದು ತಿಂಡಿಗೂ ನಾಲ್ಕು ಹುಟ್ಟಿನ ಕಥೆ ಇರುತ್ತೆ. ಯಾವುದನ್ನ ನಂಬೋದು?

ಯಾರು ಹೇಳಿದ್ದು ಅನ್ನೋದನ್ನು ಜೊತೆಗೇ ಬರೆಯಿರಿ, ಅರ್ಧ ಕಷ್ಟ ಕಡಿಮೆಯಾಗುತ್ತದೆ. ರವೆ ಇಡ್ಲಿಯನ್ನೇ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಮಾಡಿ ನೋಡಿದೆವು ಅನ್ನೋದು 1924ರಲ್ಲಿ ಶುರುವಾದ ಎಂ.ಟಿ.ಆರ್.ನವರು ಹೇಳುವ ಮಾತು. ಹಾಗಂತಲೇ ಬರೆಯಬೇಕು. ಮೈಸೂರು ಪಾಕ್ ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪ ಅವರ ಕೈಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿತು ಅನ್ನೋದು ಅವರ ಮನೆತನದವರು ಹೇಳಿಕೊಂಡು ಬಂದದ್ದು. ಮೈಸೂರಿನ ಗುರು ಸ್ವೀಟ್ಸ್ ಆ ಮನೆತನದ್ದೇ.

ನಮ್ಮೂರಿನ ಪೇಡಾ ಕಥೆ ನಮಗೆ ಬಾಯಿಪಾಠ. 19ನೇ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್‌ನಿಂದ ಪ್ಲೇಗಿಗೆ ಹೆದರಿ ಬಂದ ಠಾಕೂರ್ ಮನೆತನ ಧಾರವಾಡದಲ್ಲಿ ಪೇಡಾ ಶುರು ಮಾಡಿತು. ನಮ್ಮ ಪೇಡಾ ಕಂದು. ಖೋವಾ ಕೆಂಪಗಾಗುವ ತನಕ ಹುರಿಯುವುದರಿಂದ ಆ ಬಣ್ಣ, ಆ ರುಚಿ. ಹೊರಗಿನಿಂದ ಬಂದದ್ದಕ್ಕೆ ಈಗ ಊರಿನದೇ ಹೆಸರು, ಜಿಐ ಮಾನ್ಯತೆ. "ಅಪ್ಪಟ ನಮ್ಮದು" ಅಂತ ಎದೆ ತಟ್ಟಿಕೊಂಡು ಬರೆಯೋ ಮುಂಚೆ ನನಗೆ ಇದು ನೆನಪಾಗುತ್ತದೆ.

ಊಟದ ಬಗ್ಗೆ ಮಾತು ಶುರುವಾದ್ರೆ ಜಾತಿ ಕೇಳ್ತಾರಲ್ಲ, ಅದಕ್ಕೇನ್ ಹೇಳ್ತೀರಾ?

ಕೇಳುತ್ತಾರೆ. ಬಾಯಿಬಿಟ್ಟು ಕೇಳದವರು "ನಿಮ್ಮಲ್ಲಿ ಹುಳಿಗೆ ಬೆಳ್ಳುಳ್ಳಿ ಹಾಕ್ತೀರಾ" ಅಂತ ಸುತ್ತಿ ಬರುತ್ತಾರೆ. ನಾವು ಉತ್ತರ ಕೊಡುವುದಿಲ್ಲ. ಆದರೆ ಜಾತಿಗೂ ಅಡುಗೆಗೂ ಸಂಬಂಧವೇ ಇಲ್ಲ ಅಂತ ನಾಟಕವನ್ನೂ ಆಡುವುದಿಲ್ಲ. ಯಾರ ಮನೆಯ ಊಟಕ್ಕೆ "ಸಾಂಪ್ರದಾಯಿಕ" ಅನ್ನುವ ಬೋರ್ಡು ಬೀಳುತ್ತದೆ, ಯಾರದ್ದು ಹೋಟೆಲಿನ ಮೆನುವಿಗೇ ಬರುವುದಿಲ್ಲ ಅಂತ ಒಮ್ಮೆ ಗಮನಿಸಿ. ಬಾಡಿಗೆ ಮನೆ ಕೊಡುವಾಗ ಮಾಲೀಕರು ಅಡುಗೆಮನೆ ಬಗ್ಗೆ ಕೇಳುವ ಪ್ರಶ್ನೆ ನನ್ನ ಗೆಳತಿಗೆ ಚೆನ್ನಾಗಿ ಗೊತ್ತು. ಅದರ ಬಗ್ಗೆ ಅವಳು ಬರೆದಾಗ "ಊಟದ ವಿಷಯ ಮಾತ್ರ ಬರೀರಿ" ಅಂದವರಿದ್ದರು. ಅದೂ ಊಟದ ವಿಷಯವೇ.

ಅಜ್ಜಿ ಅಡುಗೆಗೆ ಅಳತೆನೇ ಇಲ್ಲ, "ಕೈ ಅಂದಾಜು" ಅಂತಾರೆ. ಅದನ್ನ ಬರೆಯೋದು ಹೇಗೆ?

ಅಜ್ಜಿಯ ಕೈಗೆ ಕಪ್ಪು, ಚಮಚ ಕೊಡಬೇಡಿ. ಕೊಟ್ಟರೆ ಅವರ ಅಡುಗೆಯೇ ಬದಲಾಗಿಬಿಡುತ್ತದೆ. ಒಂದು ಸಣ್ಣ ತೂಕದ ಯಂತ್ರ ಸಾಕು. ಅಡುಗೆಗೆ ಮುಂಚೆ ಹಿಟ್ಟಿನ ಡಬ್ಬ, ಉಪ್ಪಿನ ಭರಣಿ, ಎಣ್ಣೆ ಪಾತ್ರೆ ಎಲ್ಲ ತೂಗಿ ಬರೆದಿಡಿ. ಅವರು ಮಾಮೂಲಿನಂತೆ ಮಾಡಲಿ. ಆಮೇಲೆ ಮತ್ತೆ ತೂಗಿ. ಕಡಿಮೆಯಾಗಿದ್ದೇ ಅಳತೆ.

ಅಳತೆಗಿಂತ ಕಷ್ಟದ್ದು ಸಮಯ. "ಎಷ್ಟು ಹೊತ್ತು ಹುರಿಬೇಕು" ಅಂತ ಕೇಳಿದರೆ ಉತ್ತರ ಬರುವುದಿಲ್ಲ. "ಸಾಕು ಅಂತ ಹೇಗೆ ಗೊತ್ತಾಗುತ್ತೆ" ಅಂತ ಕೇಳಿ. ಕೊತ್ತಂಬರಿ ಬೀಜದ ಚಟಪಟ ನಿಂತಾಗ, ಮೆಂತ್ಯ ಇಟ್ಟಿಗೆ ಬಣ್ಣಕ್ಕೆ ಬಂದಾಗ, ಘಮ ಜಗಲಿಗೆ ಮುಟ್ಟಿದಾಗ, ಹೀಗೆ ಹೇಳುತ್ತಾರೆ. ಅದನ್ನು ನಿಮಿಷಕ್ಕೆ ಇಳಿಸದೆ ಹಾಗೇ ಬರೆಯಿರಿ. ನಿಮ್ಮ ಒಲೆಯ ಉರಿಯೇ ಬೇರೆ, ಓದುವವರ ಒಲೆಯ ಉರಿಯೇ ಬೇರೆ.

ಇದರಿಂದ ಹೊಟ್ಟೆ ತುಂಬುತ್ತಾ?

ಅಕ್ಷರಶಃ ತುಂಬುತ್ತದೆ, ಜೇಬು ಖಾಲಿಯಾಗುತ್ತದೆ. ತಿಂಗಳ ಸಂಬಳದಲ್ಲಿ ಪಿ.ಜಿ. ಬಾಡಿಗೆ, ಬಸ್ ಪಾಸು ಕಳೆದು ಇಬ್ಬರೂ ಸಮ ಸಮ ಹಾಕುತ್ತೇವೆ. ಮುಗಿದರೆ ಮುಂದಿನ ತಿಂಗಳು. ಕೆಲಸ ಬಿಟ್ಟು ಇದನ್ನೇ ಮಾಡಲಾ ಅಂತ ಕೇಳುವ ತಮ್ಮ ತಂಗಿಯರಿಗೆ, ಸದ್ಯಕ್ಕೆ ಬೇಡ ಅನ್ನುತ್ತೇವೆ.

ನಮ್ಮೂರಿಗೆ ಬರ್ತೀರಾ?

ಬರುತ್ತೇವೆ. ಊರು ಯಾವುದು ಅನ್ನುವುದಕ್ಕಿಂತ ಯಾವ ತಿಂಗಳು ಬರಬೇಕು ಅಂತ ತಿಳಿಸಿ. ಶಿರಸಿ, ಸಾಗರದ ಕಡೆಯವರು ಅಪ್ಪೆಮಿಡಿ ಕಾಲಕ್ಕೆ ಕರೆದಿದ್ದಾರೆ. ವಿಜಯಪುರದವರೊಬ್ಬರು ಹಿಂಗಾರಿ ಜೋಳ ತೆನೆಗಟ್ಟಿದಾಗ ಸೀತನಿಗೆ (ಎಳೆ ತೆನೆ ಸುಟ್ಟು ತಿನ್ನುವ ಕಾಳು) ಬನ್ನಿ ಅಂದಿದ್ದಾರೆ. ಕರೆದುಕೊಂಡು ಹೋಗೋಕೆ ಯಾರಾದರೂ ಬಸ್ ಸ್ಟ್ಯಾಂಡಿಗೆ ಬಂದರೆ ಒಳ್ಳೆಯದು, ಇಬ್ಬರಿಗೂ ಗಾಡಿ ಓಡಿಸೋಕೆ ಬರುವುದಿಲ್ಲ.